ಮುಕ್ಕಾಲು ಹನಿ ಎಣ್ಣೆ, ಎರಡು ಕೋಟಿ ಚೂರು

ಹೊಸಪೇಟೆಯಿಂದ ಹಂಪಿಗೆ 13 ಕಿ.ಮೀ. ಹಂಪಿ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ಕಡ್ಡಿರಾಂಪುರ ಸಿಗುತ್ತದೆ. ಎರಡು ಹಳೆಯ ಗೋರಿಗಳು, ಬಾಳೆತೋಟ, ಕಬ್ಬಿನ ಗದ್ದೆ, ಹಂಪಿ ಬಜಾರಿನಿಂದ ಎಬ್ಬಿಸಿದ ಕುಟುಂಬಗಳಿಗೆ ಕೊಟ್ಟ ಜಾಗ. ಊರ ಮುಂದಿನ ರಸ್ತೆಯಲ್ಲಿ 100 ಸಿಸಿ ಬೈಕುಗಳು, ಮಂದಿ ತುಂಬಿಕೊಂಡ ಟಂಟಂ, ಕಬ್ಬಿನ ಟ್ರ್ಯಾಕ್ಟರ್, ಪ್ರವಾಸಿ ಬಸ್ಸು ಎಲ್ಲವೂ ಹಾಯುತ್ತವೆ. ಓಡುವುದೆಲ್ಲ ಬೆಂಕಿಯಿಂದಲೇ. ಆ ಬೆಂಕಿ ಹತ್ತಿಸುವ ರೀತಿ ಮಾತ್ರ ಎರಡು. ಆ ಒಂದು ವ್ಯತ್ಯಾಸದಿಂದ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ಕಾಗದದ ಮೇಲೆ ಹಾಕಿ ನೋಡಿದರೆ ದಿನಾ ಕಾಣುವ ಬೈಕೂ ಬೇರೆಯಾಗಿ ಕಾಣುತ್ತದೆ.

ಬೈಕಿನಿಂದಲೇ ಶುರು ಮಾಡೋಣ. ಲೀಟರಿಗೆ 60 ಕಿ.ಮೀ. ಮೈಲೇಜ್, ಗಂಟೆಗೆ 40 ಕಿ.ಮೀ. ವೇಗ, ಇಂಜಿನ್ ನಿಮಿಷಕ್ಕೆ 4,000 ಸುತ್ತು ಎಂದಿಟ್ಟುಕೊಳ್ಳಿ. ಹೊಸಪೇಟೆಯಿಂದ ಹಂಪಿ ತಲುಪಲು ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಇಂಜಿನ್ 78,000 ಸುತ್ತು ಸುತ್ತಿರುತ್ತದೆ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಒಂದು ಉರಿ. ಅಂದರೆ 39,000 ಸಲ ಬೆಂಕಿ ಹತ್ತಿ ಆರಿದೆ, ಸೆಕೆಂಡಿಗೆ 33 ಸಲ. ಸುಟ್ಟ ಪೆಟ್ರೋಲ್ 217 ಮಿಲಿಲೀಟರ್, ತೂಕದಲ್ಲಿ 161 ಗ್ರಾಂ. ಭಾಗಿಸಿದರೆ ಒಂದು ಉರಿಗೆ ಸಿಗುವುದು ಐದೂವರೆ ಘನ ಮಿಲಿಮೀಟರ್. ಔಷಧಿ ಅಂಗಡಿಯ ಡ್ರಾಪರಿನಿಂದ ಬೀಳುವ ಒಂದು ಹನಿ 50 ಘನ ಮಿಲಿಮೀಟರ್ ಇರುತ್ತದೆ. ಆ ಹನಿಯನ್ನು ಒಂಬತ್ತು ಪಾಲು ಮಾಡಿ ಅದರಲ್ಲಿ ಒಂದನ್ನು ಸುಟ್ಟು, ಇಬ್ಬರನ್ನು ಮತ್ತು ಒಂದು ಚೀಲ ಅಕ್ಕಿಯನ್ನು ಹೊತ್ತ ಬೈಕು 33 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಮತ್ತೆ ಒಂದು ಪಾಲು, ಮತ್ತೆ 33 ಸೆಂಟಿಮೀಟರ್.

ಗಾಳಿಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಅದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಹಂಪಿ ಮುಟ್ಟುವಷ್ಟರಲ್ಲಿ ಆ ಬೈಕು 2,000 ಲೀಟರಿಗೂ ಮಿಕ್ಕ ಗಾಳಿಯನ್ನು ಒಳಗೆಳೆದುಕೊಂಡಿರುತ್ತದೆ. ತೂಕಕ್ಕೆ ಹಾಕಿದರೆ ಎರಡೂ ಕಾಲು ಕೆ.ಜಿ. ಮೇಲೆ. ಪೆಟ್ರೋಲ್ ಇಂಜಿನ್ನಿಗೆ ಈ 14.7ರ ಅಳತೆ ಹೆಚ್ಚು ಕಡಿಮೆ ಆಗಕೂಡದು. ಬಹಳ ತೆಳುವಾದರೆ ಕಿಡಿ ಹತ್ತಿದರೂ ಉರಿ ಹರಡದು. ಹಾಗಾಗಿ ನಿಧಾನ ಹೋಗಬೇಕೆಂದು ಎಕ್ಸಲರೇಟರ್ ಬಿಟ್ಟಾಗ ಪೆಟ್ರೋಲ್ ಒಂದನ್ನೇ ಕಡಿಮೆ ಮಾಡುವಂತಿಲ್ಲ, ಗಾಳಿಯ ಬಾಯನ್ನೂ ಮುಚ್ಚಬೇಕು. ಅರ್ಧ ಮುಚ್ಚಿದ ಬಾಯಿಂದ ಉಸಿರೆಳೆಯಲು ಇಂಜಿನ್ ತನ್ನದೇ ಶಕ್ತಿ ಖರ್ಚು ಮಾಡುತ್ತದೆ. ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಗಾಡಿಯ ಮೈಲೇಜ್ ಬೀಳುವುದಕ್ಕೆ ಇದೂ ಒಂದು ಕಾರಣ.

ಈಗ ರಸ್ತೆ ಬಿಟ್ಟು ತೋಟಕ್ಕೆ ಇಳಿಯಬೇಕು. ಕರೆಂಟು ಕೈಕೊಟ್ಟ ದಿನ ನೀರೆತ್ತಲು ಇಟ್ಟುಕೊಂಡ ಡೀಸೆಲ್ ಪಂಪ್‌ಸೆಟ್ಟುಗಳು ಕಂಪ್ಲಿ ಕಡೆ, ನದಿ ಪಕ್ಕದ ಹೊಲಗಳಲ್ಲಿ ಇನ್ನೂ ಇವೆ. ಕಿರ್ಲೋಸ್ಕರ್ ಎವಿ-1 ಈ ಜಾತಿಯ ಹೆಸರಾಂತ ಇಂಜಿನ್: ಒಂದೇ ಸಿಲಿಂಡರ್, 5 ಎಚ್‌ಪಿ, ನಿಮಿಷಕ್ಕೆ 1,500 ಸುತ್ತು. ಸಿಲಿಂಡರಿನ ಅಗಲ 80 ಮಿಲಿಮೀಟರ್, ಪಿಸ್ಟನ್ ಓಡಾಟ 110 ಮಿಲಿಮೀಟರ್, ಅಳತೆ 553 ಸಿಸಿ. ಸ್ಪಾರ್ಕ್ ಪ್ಲಗ್ ಇಲ್ಲ. ಬ್ಯಾಟರಿ ಇಲ್ಲ. ವೈರು ಅನ್ನುವುದೇ ಇಲ್ಲ. ಹ್ಯಾಂಡಲ್ ಹೊಡೆದರೆ ಸಾಕು.

ಆ ಹ್ಯಾಂಡಲ್ ಹೊಡೆಯುವುದನ್ನು ಹತ್ತಿರ ನಿಂತು ನೋಡಬೇಕು. ಎಡಗೈ ಮೊದಲು ಮೇಲಿರುವ ಒಂದು ಸಣ್ಣ ಲಿವರ್ ಎತ್ತುತ್ತದೆ. ಬಲಗೈ ಹ್ಯಾಂಡಲ್ ಹಿಡಿದು ಸುತ್ತತೊಡಗುತ್ತದೆ. ಮೊದಲೆರಡು ಸುತ್ತು ಭಾರ, ಆಮೇಲೆ ಫ್ಲೈವೀಲ್ ತಾನೇ ಕೈಯನ್ನು ಎಳೆದುಕೊಂಡು ಹೋಗುತ್ತದೆ, ಇಂಜಿನ್ ಬರೀ ಬುಸ್ ಬುಸ್ ಎನ್ನುತ್ತದೆ. ವೇಗ ಬಂತು ಅನ್ನಿಸಿದ ಗಳಿಗೆಗೆ ಎಡಗೈ ಲಿವರ್ ಬಿಡುತ್ತದೆ. ಢಬ್! ಕರಿ ಹೊಗೆಯ ಒಂದು ಮುದ್ದೆ, ಮತ್ತೆ ಢಬ್ ಢಬ್ ಢಬ್. ಹ್ಯಾಂಡಲನ್ನು ತಡಮಾಡದೆ ಕಿತ್ತುಕೊಳ್ಳಬೇಕು. ಇಲ್ಲದಿದ್ದರೆ ಮುಂಗೈ ಹೋಗುತ್ತದೆ.

ಆ ಲಿವರ್ ಯಾಕೆ? ಅದನ್ನು ಎತ್ತಿದಾಗ ವಾಲ್ವ್ ತೆರೆದೇ ಇರುತ್ತದೆ, ಒಳಗಿನ ಗಾಳಿಗೆ ಹೋಗಲು ದಾರಿ ಇರುತ್ತದೆ. ಬಿಟ್ಟ ಕೂಡಲೇ ದಾರಿ ಬಂದ್. 589 ಸಿಸಿ ಜಾಗದಲ್ಲಿದ್ದ ಗಾಳಿ 36 ಸಿಸಿಗೆ ಬಂದು ಕೂರಬೇಕು. ಹದಿನಾರೂವರೆಗೆ ಒಂದು. ಇಂಜಿನ್ ಪೂರ್ಣ ವೇಗದಲ್ಲಿದ್ದಾಗ ಈ ಕೆಲಸಕ್ಕೆ ಸಿಗುವ ಹೊತ್ತು ಸೆಕೆಂಡಿನ ಐವತ್ತನೇ ಒಂದು ಭಾಗ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ವಿದ್ಯೆ. ಆದರೆ ಇಲ್ಲಿ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ, ಒತ್ತಡ ಹೊರಗಿನ ಗಾಳಿಗಿಂತ 40 ಪಟ್ಟು ಮೇಲೆ. 80 ಮಿಲಿಮೀಟರ್ ಅಗಲದ ಪಿಸ್ಟನ್ ತಲೆಯ ಮೇಲೆ ಎರಡು ಟನ್ನಿಗೂ ಮಿಕ್ಕ ಭಾರ. ಉರಿ ಹತ್ತುವ ಮೊದಲೇ ಇಷ್ಟು. ಎರಡು ಟನ್ನನ್ನು ತೋಳಿನಿಂದ ಒತ್ತಲಾಗದು ಎಂದೇ ಫ್ಲೈವೀಲಿಗೆ ಮೊದಲು ವೇಗ ಕೂಡಿಸಿ, ಆಮೇಲೆ ಒಂದೇ ಏಟಿಗೆ ಖರ್ಚು ಮಾಡುವುದು. ಪಿಸ್ಟನ್ ಮೇಲೆ ಮುಟ್ಟುವ ಹೊತ್ತಿಗೆ ಸರಿಯಾಗಿ ನಾಜಲ್ ಅರ್ಧ ಹನಿ ಡೀಸೆಲ್ ಚಿಮ್ಮುತ್ತದೆ. ಕಿಡಿ ಬೇಕಿಲ್ಲ. ಬಿಸಿ ಗಾಳಿಗೆ ತಾಗಿದ ಎಣ್ಣೆ ತಾನೇ ಹತ್ತಿಕೊಳ್ಳುತ್ತದೆ.

ಬೈಕಿನಲ್ಲಿ ಇದಕ್ಕೆ ತಿರುಗಾಮುರುಗ. ಅಲ್ಲಿ ಗಾಳಿ, ಪೆಟ್ರೋಲ್ ಎರಡೂ ಮೊದಲೇ ಬೆರೆತಿರುತ್ತವೆ. ಒತ್ತುವುದು ಹತ್ತಕ್ಕೆ ಒಂದರಂತೆ ಮಾತ್ರ. ಆಮೇಲೆ ಒಂದು ಮಿಲಿಮೀಟರಿಗೂ ಕಡಿಮೆ ಸಂದಿನಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟಿನ ಕಿಡಿ. ಮನೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್.

ಇಲ್ಲೊಂದು ಒಗಟಿದೆ. ಪೆಟ್ರೋಲ್ ಮಹಾ ಬೆಂಕಿಬುರುಕ ಎಂದು ಎಲ್ಲರಿಗೂ ಗೊತ್ತು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರಿಂದ ಏಳುವ ಆವಿ ಕಿಡಿ ತಾಗಿದರೆ ಹೊತ್ತುತ್ತದೆ. ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಕೇಳುವುದೇ ಬೇಡ. ಡೀಸೆಲ್ ಚೆಲ್ಲಿದರೆ ಜಿಡ್ಡಾಗಿ ಅಲ್ಲೇ ಕೂತಿರುತ್ತದೆ. ಹಾಗಿದ್ದ ಮೇಲೆ ಕಿಡಿಯಿಲ್ಲದೆ ತಾನೇ ಹತ್ತಿಕೊಳ್ಳುವುದರಲ್ಲೂ ಪೆಟ್ರೋಲೇ ಮುಂದಿರಬೇಕಲ್ಲ? ಇಲ್ಲ. ಡೀಸೆಲ್ ಸುಮಾರು 210 ಡಿಗ್ರಿಗೇ ತಾನಾಗಿ ಹತ್ತುತ್ತದೆ, ಪೆಟ್ರೋಲಿಗೆ ಅದಕ್ಕಿಂತ ಹೆಚ್ಚು ಕಾವು ಬೇಕು. ಕಾರಣ ಅಣುಗಳ ಉದ್ದ. ಪೆಟ್ರೋಲಿನ ಅಣುಗಳಲ್ಲಿ ಇಂಗಾಲದ ಪರಮಾಣುಗಳು ನಾಲ್ಕರಿಂದ ಹನ್ನೆರಡು. ಹಗುರ, ಬೇಗ ಆವಿಯಾಗುತ್ತವೆ, ಆದರೆ ಕವಲೊಡೆದ ಗಿಡ್ಡ ಅಣುಗಳು ಕಾವಿಗೆ ಸುಲಭಕ್ಕೆ ಮುರಿಯುವುದಿಲ್ಲ. ಡೀಸೆಲಿನಲ್ಲಿ ಹತ್ತರಿಂದ ಇಪ್ಪತ್ತರ ಆಚೆ. ಭಾರ, ಆವಿಯಾಗಲು ಸೋಮಾರಿ, ಆದರೆ ಉದ್ದನೆಯ ನೇರ ಸರಪಳಿ ಕಾವು ತಾಗಿದರೆ ನಡುವೆಲ್ಲೋ ತುಂಡಾಗುತ್ತದೆ. ಒಂದೇ ಕಚ್ಚಾ ಎಣ್ಣೆಯಿಂದ ಬಂದ ಇವೆರಡಕ್ಕೆ ಮಾರ್ಕು ಹಾಕುವ ಕ್ರಮವೂ ಉಲ್ಟಾ. ತಾನಾಗಿ ಹತ್ತದೆ ತಡೆದುಕೊಂಡಷ್ಟೂ ಪೆಟ್ರೋಲಿಗೆ ಆಕ್ಟೇನ್ ಅಂಕ ಹೆಚ್ಚು. ಬೇಗ ಹತ್ತಿದಷ್ಟೂ ಡೀಸೆಲಿಗೆ ಸೀಟೇನ್ ಅಂಕ ಹೆಚ್ಚು, ನಮ್ಮ ಬಂಕಿನದು ಕನಿಷ್ಠ 51. ಅಪ್ಪಿತಪ್ಪಿ ಟ್ಯಾಂಕಿನಲ್ಲಿ ಒಂದರ ಬದಲು ಇನ್ನೊಂದು ಬಿದ್ದರೆ ಗಾಡಿ ನಿಲ್ಲುವುದು ಇದಕ್ಕೇ. ಡೀಸೆಲ್ ಗಾಡಿಯಲ್ಲಿ ಪೆಟ್ರೋಲ್ ಬಿದ್ದರೆ ಖರ್ಚೂ ದೊಡ್ಡದು: ಆ ಪಂಪು, ನಾಜಲ್‌ಗಳಿಗೆ ಜಾರಲು ಬೇಕಾದ ಜಿಡ್ಡು ಡೀಸೆಲಿನದೇ, ಪೆಟ್ರೋಲ್ ಅದನ್ನು ತೊಳೆದುಹಾಕುತ್ತದೆ.

ಪಂಪ್‌ಸೆಟ್ಟಿನಿಂದ ಟಿಪ್ಪರಿಗೆ ಹೋದರೆ ಸಂಖ್ಯೆಗಳ ಸೊಕ್ಕು ಇನ್ನೊಂದು ಮೆಟ್ಟಿಲು ಏರುತ್ತದೆ. ಸಂಡೂರು ಗುಡ್ಡದಿಂದ ಅದಿರು ತುಂಬಿಕೊಂಡು ಇಳಿಯುವ ಲಾರಿಗಳನ್ನು ಈ ಕಡೆಯವರಿಗೆ ಪರಿಚಯಿಸಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕುವ ಮೊದಲು ಇಲ್ಲಿಯ ಮರಗಳ ಎಲೆ ಕೆಂಪಗಿದ್ದದ್ದು ನೆನಪಿರುವವರು ಬಹಳ ಮಂದಿ ಇದ್ದಾರೆ. ಅಂಥ ಲಾರಿಯದು ಆರು ಸಿಲಿಂಡರಿನ, 6 ಲೀಟರ್ ಅಳತೆಯ ಇಂಜಿನ್. ಸಂಡೂರಿನಿಂದ ಹೊಸಪೇಟೆಗೆ ಸುಮಾರು 30 ಕಿ.ಮೀ., ಲೋಡಿದ್ದಾಗ ಲೀಟರಿಗೆ ಮೂರು ಕಿಲೋಮೀಟರ್, ಒಂದು ಗಂಟೆಯ ದಾರಿ, ನಿಮಿಷಕ್ಕೆ 1,500 ಸುತ್ತು. ಸುಡುವುದು 10 ಲೀಟರ್. ನಾಜಲ್‌ಗಳು ಚಿಮ್ಮುವುದು ಎರಡು ಲಕ್ಷ ಎಪ್ಪತ್ತು ಸಾವಿರ ಸಲ. ಒಂದು ಸಲಕ್ಕೆ 37 ಘನ ಮಿಲಿಮೀಟರ್, ಅಂದರೆ ಮುಕ್ಕಾಲು ಹನಿ. ಮೂವತ್ತು ಟನ್ ಲಾರಿಯನ್ನು ಎಳೆಯುವುದು ಈ ಮುಕ್ಕಾಲು ಹನಿ.

ಆದರೆ ಹನಿ ಹನಿಯಾಗಿಯೇ ಬಿದ್ದರೆ ಉರಿಯುವುದಿಲ್ಲ, ಹೊಗೆಯಾಗಿ ಹೋಗುತ್ತದೆ. ಸಿಗುವ ಹೊತ್ತು ಒಂದೆರಡು ಮಿಲಿಸೆಕೆಂಡ್. ಅಷ್ಟರಲ್ಲಿ ಎಣ್ಣೆ ನುಣ್ಣಗೆ ಚೂರಾಗಿ, ಗಾಳಿಯಲ್ಲಿ ಬೆರೆತು, ಆವಿಯಾಗಬೇಕು. ಹಾಗಾಗಿ ನಾಜಲಿನ ತುದಿಯ ತೂತುಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಆ ತೂತುಗಳಿಂದ ಎಣ್ಣೆ ಹೊರಡುವ ವೇಗ ಗಾಳಿಯಲ್ಲಿ ಶಬ್ದ ಹೋಗುವುದಕ್ಕಿಂತ ಹೆಚ್ಚು. ಒಂದು ಚೂರಿನ ಅಗಲ 15 ಮೈಕ್ರಾನ್ ಎಂದು ಹಿಡಿಯಿರಿ (ತಲೆಗೂದಲು ಸುಮಾರು 70). ಆಗ ಮುಕ್ಕಾಲು ಹನಿಯಿಂದ ಆಗುವ ಚೂರುಗಳು ಎರಡು ಕೋಟಿ ಚಿಲ್ಲರೆ. ಆರು ಸಿಲಿಂಡರಿನ ಇಂಜಿನ್ ಒಂದು ಸುತ್ತು ಸುತ್ತುವಾಗ ಮೂರು ಸಲ ಚಿಮ್ಮುತ್ತದೆ: ಆರು ಕೋಟಿ ಮೂವತ್ತು ಲಕ್ಷ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6 ಕೋಟಿ 11 ಲಕ್ಷ. ರಾಜ್ಯದ ಅಷ್ಟೂ ಮಂದಿಗೆ ತಲೆಗೊಂದರಂತೆ ಹಂಚಿ, ಮೇಲೆ ಇಪ್ಪತ್ತು ಲಕ್ಷ ಉಳಿಸುವಷ್ಟು ಚೂರುಗಳನ್ನು ಆ ಟಿಪ್ಪರ್ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ ಮಾಡಿ ಸುಟ್ಟಿರುತ್ತದೆ. ಚೂರಾದ ಮೇಲೆ ಅದರ ಮೈ ಎಷ್ಟು ಹಿಗ್ಗುತ್ತದೆ? ಒಂದೇ ಗುಂಡಾಗಿ ಇದ್ದಾಗ ಹೊರಮೈ ಅರ್ಧ ಚದರ ಸೆಂಟಿಮೀಟರ್. ಈಗ ಎಲ್ಲ ಕೂಡಿಸಿದರೆ 148, ಬೆರಳೂ ಸೇರಿ ಅಂಗೈಯಷ್ಟು.

ಹೀಗೆ ಚೂರು ಮಾಡಲು ಬೇಕಾದ ಒತ್ತಡವನ್ನು ಇಲ್ಲಿಯವರು ಅಳೆಯಲು ಹತ್ತಿರದಲ್ಲೇ ಒಂದು ಮಾನದಂಡವಿದೆ. ತುಂಗಭದ್ರಾ ಅಣೆಕಟ್ಟಿನ ಎತ್ತರ ಅಡಿಪಾಯದಿಂದ ಸುಮಾರು 49 ಮೀಟರ್. ಅಷ್ಟು ಆಳದ ನೀರು ತಳದಲ್ಲಿ ಒತ್ತುವುದು ಐದು ಬಾರ್‌ಗೆ ಒಂದಿಷ್ಟು ಕಡಿಮೆ. ಇವತ್ತಿನ ಕಾಮನ್ ರೇಲ್ ಡೀಸೆಲ್ ಇಂಜಿನ್ನಿನಲ್ಲಿ ನಾಜಲಿನ ಹಿಂದಿರುವ ಒತ್ತಡ 1,600ರಿಂದ 2,000 ಬಾರ್. ನಡುವಿನ 1,800ನ್ನು ತೆಗೆದುಕೊಂಡರೂ ತುಂಗಭದ್ರಾ ಅಣೆಕಟ್ಟನ್ನು ಒಂದರ ಮೇಲೊಂದು 370 ಸಲ ಇಟ್ಟು ನೀರು ತುಂಬಿಸಬೇಕು. 18 ಕಿಲೋಮೀಟರ್ ಎತ್ತರದ ನೀರು, ಎರಡು ಎವರೆಸ್ಟ್. ಇದನ್ನು ತಡೆದುಕೊಂಡು ಕೂತಿರುವುದು ಬಾನೆಟ್ಟಿನಡಿಯ ಒಂದು ಉಕ್ಕಿನ ನಳಿಗೆ.

ಇಂಥ ಯಂತ್ರವನ್ನು ಮಂಡಿಯೂರಿಸುವುದು ಏನು ಗೊತ್ತೇ? ಒಂದು ಗುಳ್ಳೆ ಗಾಳಿ. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಹಳೆಯ ಲಾರಿಗೆ ಕ್ಯಾನಿನಿಂದ ಎಣ್ಣೆ ಹಾಕಿದ ಮಾತ್ರಕ್ಕೆ ಸ್ಟಾರ್ಟ್ ಆಗುವುದಿಲ್ಲ. "ಅಣ್ಣಾ, ಏರ್ ಹಿಡಿದೈತೆ, ಒಂಚೂರು ಬಾ" ಎಂದು ಮೆಕ್ಯಾನಿಕ್ಕನಿಗೆ ಫೋನು ಹೋಗುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದು ಅಷ್ಟಕ್ಕಷ್ಟೆ, ಪಂಪಿನ ತಳ್ಳು ನೇರ ನಾಜಲಿಗೆ ಮುಟ್ಟುತ್ತದೆ. ಗಾಳಿ ಕುಗ್ಗುತ್ತದೆ, ಪಂಪ್ ತಳ್ಳಿದ್ದನ್ನೆಲ್ಲ ಗುಳ್ಳೆ ನುಂಗಿಕೊಂಡು ನಾಜಲ್ ಬಾಯಿ ಬಿಡುವುದೇ ಇಲ್ಲ. ಸ್ಪಾನರಿನಿಂದ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನೊರೆಯಾಗಿ ಬರುವ ಎಣ್ಣೆ ನೊರೆ ನಿಂತು ಗಟ್ಟಿಯಾಗಿ ಹರಿಯುವ ತನಕ ಕಾಯಬೇಕು. ಬೈಕಿಗೆ ಈ ರಗಳೆ ಇಲ್ಲ.

ಗಾತ್ರದ ಮಾತಿಗೆ ಬಂದರೆ ಎರಡರ ದಾರಿ ಪೂರ್ತಿ ಬೇರೆಯಾಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ದಂಗುಬಡಿಸುವ ಭಾಗ ಇದೇ. ಪೆಟ್ರೋಲ್ ಸಿಲಿಂಡರನ್ನು ಬೇಕಾದಷ್ಟು ದೊಡ್ಡದು ಮಾಡಲಾಗದು. ಅಲ್ಲಿ ಉರಿ ಪ್ಲಗ್ಗಿನಿಂದ ಹೊರಟು ಗೋಡೆಯ ತನಕ ನಡೆದು ಹೋಗಬೇಕು. ಬೈಕಿನಲ್ಲಿ ಆ ದಾರಿ ಎರಡು ಮೂರು ಸೆಂಟಿಮೀಟರ್. ದಾರಿ ಉದ್ದವಾದಷ್ಟೂ ತುದಿಯಲ್ಲಿ ಕಾಯುತ್ತಿರುವ ಮಿಶ್ರಣ ಒತ್ತಡದಲ್ಲಿ ಬೆಂದು, ಉರಿ ಬರುವ ಮೊದಲೇ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್, ಹೆಚ್ಚಾದರೆ ಪಿಸ್ಟನ್ನೇ ತೂತು. ಡೀಸೆಲಿನಲ್ಲಿ ಎಣ್ಣೆ ಬಿದ್ದಲ್ಲೇ ಉರಿ, ನಡೆದು ಹೋಗುವ ಮಾತಿಲ್ಲ. ತಾನಾಗಿ ಹತ್ತುವುದು ಪೆಟ್ರೋಲ್ ಇಂಜಿನ್ನಿಗೆ ರೋಗ, ಡೀಸೆಲಿಗೆ ಕಸುಬು.

ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದಲ್ಲಿ ಪ್ರ್ಯಾಟ್ ಅಂಡ್ ವಿಟ್ನಿಯವರು ಆರ್-4360 ಎಂಬ ವಿಮಾನದ ಪೆಟ್ರೋಲ್ ಇಂಜಿನ್ ಮಾಡಿದರು. 71.5 ಲೀಟರ್ ಅಳತೆ ಸಾಧಿಸಲು ಅದನ್ನು 28 ಸಿಲಿಂಡರುಗಳಿಗೆ ಹಂಚಬೇಕಾಯಿತು. ಪಾಲಿಗೆ ಎರಡೂವರೆ ಲೀಟರ್. ಒಂದೊಂದಕ್ಕೆ ಎರಡು ಕಡೆಯಿಂದ ಉರಿ ಹಚ್ಚಲು 56 ಸ್ಪಾರ್ಕ್ ಪ್ಲಗ್. ಅದೇ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ರೈಲು ಇಂಜಿನ್ ನೋಡಿ. ಈಗ ಈ ಹಳಿಗೂ ವಿದ್ಯುತ್ ತಂತಿ ಬಂದಿದೆ, ಆದರೆ ಅದಿರಿನ ಗೂಡ್ಸ್ ಎಳೆದ ಈ ಬಗೆಯ ಡೀಸೆಲ್ ಇಂಜಿನ್ನುಗಳ ಗುಡುಗು ಹೊಸಪೇಟೆಯವರ ಕಿವಿಗೆ ಹೊಸದಲ್ಲ. ಅದರಲ್ಲಿ 16 ಸಿಲಿಂಡರ್, ಒಂದೊಂದೂ 11.6 ಲೀಟರ್, ಒಂದೇ ಸಿಲಿಂಡರಿನಲ್ಲಿ ಸುಮಾರು 120 ಬೈಕುಗಳ ಇಂಜಿನ್ ಅಡಗುತ್ತದೆ. ಎಲ್ಲ ಸೇರಿ 4,000 ಎಚ್‌ಪಿ, ನಿಮಿಷಕ್ಕೆ ಬರೀ 900 ಸುತ್ತಿನಲ್ಲಿ.

ಅದೂ ಕೊನೆಯಲ್ಲ. 2006ರಲ್ಲಿ ಎಮ್ಮಾ ಮಾರ್ಸ್ಕ್ ಎಂಬ ಕಂಟೇನರ್ ಹಡಗು ನೀರಿಗಿಳಿಯಿತು. ಅದರ ವಾರ್ಟ್ಸಿಲಾ ಇಂಜಿನ್ನಿನ ತೂಕ 2,300 ಟನ್. 14 ಸಿಲಿಂಡರ್, ಪ್ರತಿಯೊಂದರ ಅಗಲ 96 ಸೆಂಟಿಮೀಟರ್, ಪಿಸ್ಟನ್ ಓಡಾಟ ಎರಡೂವರೆ ಮೀಟರ್, ಅಳತೆ 1,820 ಲೀಟರ್. ಒಬ್ಬ ಆಳು ಒಳಗಿಳಿದು ಆರಾಮಾಗಿ ನಿಲ್ಲಬಹುದು. ವೇಗ ನಿಮಿಷಕ್ಕೆ 102 ಸುತ್ತು. ಶಕ್ತಿ ಲಕ್ಷ ಎಚ್‌ಪಿಗೂ ಮೇಲೆ. ಪೂರ್ಣ ಹೊರೆಯಲ್ಲಿ ಒಂದು ಸಿಲಿಂಡರಿಗೆ ಒಂದು ಸಲ ಚಿಮ್ಮುವ ಎಣ್ಣೆ 160 ಗ್ರಾಂ. ನಮ್ಮ ಬೈಕು ಹೊಸಪೇಟೆ ಬಿಟ್ಟು ಕಡ್ಡಿರಾಂಪುರ ದಾಟಿ ಹಂಪಿ ಮುಟ್ಟಲು 39,000 ಉರಿಗಳಲ್ಲಿ ಸುಟ್ಟದ್ದು 161 ಗ್ರಾಂ! ಹಡಗಿನದು ಒಂದೇ ಗುಟುಕು.

ಹೆಚ್ಚು ಒತ್ತಿ ಉರಿಸುವುದರಿಂದ, ಗಾಳಿಯ ಬಾಯಿ ಮುಚ್ಚದಿರುವುದರಿಂದ ಡೀಸೆಲ್ ಇಂಜಿನ್ ಕಾವಿನಲ್ಲಿ ಶೇ 40ರಷ್ಟನ್ನು ಕೆಲಸಕ್ಕೆ ತಿರುಗಿಸಬಲ್ಲದು. ಹಡಗಿನ ಇಂಜಿನ್ನು ಅರ್ಧದಷ್ಟನ್ನು. ಬೈಕು, ಕಾರುಗಳ ಪೆಟ್ರೋಲ್ ಇಂಜಿನ್ ದಿನದ ಓಡಾಟದಲ್ಲಿ ಕಾಲುಭಾಗದ ಸುತ್ತಮುತ್ತ. ಶೇ 40 ಎಂದರೆ ಎಷ್ಟು? ಒಂದು ಲೀಟರ್ ಡೀಸೆಲಿನಲ್ಲಿ 36 ಮೆಗಾಜೂಲ್ ಶಕ್ತಿ ಇದೆ. ಅದರ ಶೇ 40ರಿಂದ 30 ಟನ್ನಿನ ಟಿಪ್ಪರನ್ನು ನೆಟ್ಟಗೆ 49 ಮೀಟರ್ ಮೇಲಕ್ಕೆ ಎತ್ತಬಹುದು. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದ ಎತ್ತರ ಹೆಚ್ಚುಕಡಿಮೆ ಅಷ್ಟೇ. ಶೇ 20 ಎಥನಾಲ್ ಬೆರೆತ ಇಂದಿನ ಒಂದು ಲೀಟರ್ ಪೆಟ್ರೋಲಿಗೆ ಕಾಲುಭಾಗದ ಲೆಕ್ಕ ಹಿಡಿದರೆ ಲಾರಿ ಗೋಪುರದ ಅರ್ಧಕ್ಕೆ ನಿಂತುಬಿಡುತ್ತದೆ. ಡೀಸೆಲಿನ ಹಿರಿಮೆಯಲ್ಲಿ ಒಂದು ಪಾಲು ಬರೀ ತೂಕದ್ದು ಎಂಬುದನ್ನೂ ಹೇಳಿಬಿಡಬೇಕು. ನಾವು ಕೊಳ್ಳುವುದು ಲೀಟರಿನಲ್ಲಿ. ಲೀಟರ್ ಡೀಸೆಲ್ 830 ಗ್ರಾಂ, ಪೆಟ್ರೋಲ್ 745ರ ಹತ್ತಿರ. ಕೆ.ಜಿ. ಲೆಕ್ಕದಲ್ಲಿ ಅಪ್ಪಟ ಪೆಟ್ರೋಲ್, ಡೀಸೆಲ್ ಎರಡರ ಕಾವೂ ಬಹುತೇಕ ಸಮ. ಹೊಗೆಯಲ್ಲೂ ತೂಕ ಕಾಣುತ್ತದೆ: ಆ 830 ಗ್ರಾಂ ಉರಿದು ಹೊರಗೆ ಬರುವ ಇಂಗಾಲದ ಡೈಆಕ್ಸೈಡ್ 2.7 ಕೆ.ಜಿ. ಹಾಕಿದ್ದರ ಮೂರು ಪಟ್ಟಿಗಿಂತ ಹೆಚ್ಚು, ಏಕೆಂದರೆ ಉಳಿದದ್ದು ಗಾಳಿಯ ಆಮ್ಲಜನಕ. ಬಿಸಿ ಗಾಳಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಿಗೆ ಇನ್ನೊಂದು ಟ್ಯಾಂಕ್ ಇದೆ. ಅದರಲ್ಲಿರುವುದು ಶೇ 32.5 ಯೂರಿಯಾ ಬೆರೆತ ನೀರು. ಯೂರಿಯಾ ಕಂಪ್ಲಿಯ ಭತ್ತದ ಗದ್ದೆಗೆ ಬೀಳುವುದೇ. ಇದು ಮಾತ್ರ ಬಲು ಶುದ್ಧವಾಗಿರಬೇಕು.

ಕಿಡಿಯ ಹಂಗಿಲ್ಲದ ಇಂಜಿನ್ನಿಗೆ ಎಣ್ಣೆಯ ಜಾತಿಯ ಹಂಗೂ ಕಡಿಮೆ. ರುಡಾಲ್ಫ್ ಡೀಸೆಲನ ಇಂಜಿನ್ 1897ರಲ್ಲಿ ಪರೀಕ್ಷೆ ಗೆದ್ದಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆ ಹಾಕಿ ಓಡಿಸಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿದರು. ಪೆಟ್ರೋಲ್ ಬೈಕಿಗೆ ಇವೆರಡರಲ್ಲಿ ಯಾವುದನ್ನು ಹಾಕಿದರೂ ಒಂದು ಕೆಮ್ಮೂ ಬರದು. 5 ಎಚ್‌ಪಿ ಪಂಪ್‌ಸೆಟ್ ಗಂಟೆಗೆ ಒಂದು ಲೀಟರಿಗೆ ತುಸು ಹೆಚ್ಚು ಎಣ್ಣೆ ಕುಡಿಯುತ್ತದೆ. ಗಾಣದ ಲೆಕ್ಕದಲ್ಲಿ ಅದಕ್ಕೆ ಸಿಪ್ಪೆ ಸಮೇತದ ಶೇಂಗಾ ಮೂರೂವರೆ ಕೆ.ಜಿ. ಬೇಕಾದೀತು, ಹೊಂಗೆ ಬೀಜವಾದರೆ ನಾಲ್ಕರ ಮೇಲೆ. ಒಂದು ಗಂಟೆ ನೀರಿಗೆ ಮೂರೂವರೆ ಕೆ.ಜಿ. ಶೇಂಗಾ ಕೊಡಲು ಕೂಡ್ಲಿಗಿ ಕಡೆಯ ರೈತ ಒಪ್ಪುವುದು ಕಷ್ಟ. ಹೊಂಗೆ ಬೀಜ ಆದರೆ ಬದುವಿನ ಮರದಡಿ ಆಯ್ದು ತರುವುದು, ಕೂಲಿಯೊಂದನ್ನು ಲೆಕ್ಕ ಹಾಕಿದರಾಯಿತು.